ಗುಂಡವ್ವನ ರಂಜಕ

ಕಾದ ಎಣ್ಣೆಗೆ ಹಿಟ್ಟು ಮೆತ್ತಿದ ಮೆಣಸಿನಕಾಯಿ ಬಿಡುತ್ತಿದ್ದ ದಾವಲಬಿಯ ಕೈ ನಡುವೆಯೇ ನಿಂತಿತು. ಬಂಡಿಯ ಆಚೆ ಸಿಂದಗಿ ಬಸ್ಸು ಹೊರಡಲು ಸಿದ್ಧವಾಗಿತ್ತು. ಅದರ ಬಾಗಿಲಲ್ಲಿ ಒಬ್ಬ ಮನುಷ್ಯ ಕಂಡಕ್ಟರನ ತೋಳು ಹಿಡಿದುಕೊಂಡು ಮಾತಾಡುತ್ತಿದ್ದ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು.

"ಸಿಂದಗಿ ಸ್ಟ್ಯಾಂಡಿನ್ಯಾಗ ಹಮಾಲರ ಕಡೆ ಇಷ್ಟ ಹೇಳ್ರಿ ಸಾಕು," ಎನ್ನುತ್ತಿದ್ದ. "ಬಾಗೇವಾಡಿ ಗುಂಡವ್ವ ಹೋದ್ಲು, ಮಧ್ಯಾಹ್ನಕ್ಕ ಮಣ್ಣು ಐತಿ ಅಂತ. ಅವರು ನಮ್ಮ ಮಂದಿಗೆ ಸುದ್ದಿ ಮುಟ್ಟಸ್ತಾರ."

ಕಂಡಕ್ಟರ ತಲೆಯಾಡಿಸಿ ಸೀಟಿ ಊದಿದ. ಬಸ್ಸು ಹೊಗೆ ಬಿಟ್ಟುಕೊಂಡು ಹೊರಟಿತು. ಆ ಮನುಷ್ಯ ಇಂಡಿ ಬಸ್ಸಿನ ಕಡೆ ಓಡಿದ. ಅವನು ಗುಂಡವ್ವನ ತಮ್ಮ ಸುಭಾಸ. ದಾವಲಬಿ ಅವನನ್ನು ಚೆನ್ನಾಗಿ ಬಲ್ಲಳು. ಅವನಿಗೆ ಮಾತ್ರ ಅವಳು ಸ್ಟ್ಯಾಂಡಿನಲ್ಲಿ ಭಜಿ ಮಾರುವ ಯಾವಳೋ ಒಬ್ಬ ಹೆಂಗಸು.

"ಏನಬೇ ದಾವಲಬಿ, ಭಜಿ ಸುಟ್ಟು ಇದ್ಲಿ ಆದ್ವಲ್ಲ."

ಹೇಳಿದವರು ಶ್ರೀಶೈಲಪ್ಪ. ಸ್ಟ್ಯಾಂಡಿನ ಎದುರು ಅವರದು ತೊಗರಿ ಅಡತಿ ಅಂಗಡಿ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಆರುವ ಮೊದಲೇ ಬಂಡಿಯ ಮುಂದೆ ಹಾಜರಾಗುವವರು. ದಾವಲಬಿ ಜಾರಿ ಸೌಟಿನಿಂದ ಕರಿದಾದ ಭಜಿಗಳನ್ನು ಎತ್ತಿ ಪಕ್ಕಕ್ಕೆ ಸುರಿದಳು. ಶ್ರೀಶೈಲಪ್ಪ ಅದರಲ್ಲೇ ಒಂದನ್ನು ಎತ್ತಿಕೊಂಡು, ಡಬ್ಬಿಯಿಂದ ಕೆಂಪು ರಂಜಕವನ್ನು ತಾವೇ ಬಡಿಸಿಕೊಂಡರು. ಹಣ್ಣುಮೆಣಸಿನಕಾಯಿ, ಬೆಳ್ಳುಳ್ಳಿ, ಮೆಂತ್ಯ, ಹುಣಸೆ ಹಾಕಿ ಅರೆದ ಆ ಖಾರದ ಮೇಲೆ ಅವರಿಗೆ ಬಹಳ ಪ್ರೀತಿ. ಈ ರಂಜಕ ಇದ್ದರೆ ಸುಟ್ಟ ಭಜಿಯನ್ನೂ ತಿನ್ನಬಹುದು ನೋಡು ಎಂದು ಪಕ್ಕದವರಿಗೆ ಹೇಳಿ ನಕ್ಕರು.

ದಾವಲಬಿ ಸ್ಟೋವು ಆರಿಸಿದಳು. ಜ್ವರ ಬಂದ ಹಾಗಿದೆ, ಸಂಜೆಗೆ ಬರುತ್ತೇನೆ ಎಂದಳು. ಗಿರಾಕಿಗಳು ಗೊಣಗಿದರು. ಶ್ರೀಶೈಲಪ್ಪ, ಸಂಜೆ ಮಾತ್ರ ತಪ್ಪಿಸಬೇಡ, ಮುದ್ದೇಬಿಹಾಳದಿಂದ ನಮ್ಮ ಬೀಗರು ಬರುತ್ತಾರೆ, ಅವರನ್ನು ಇಲ್ಲಿಗೇ ಕರೆತರುವವನಿದ್ದೇನೆ ಎಂದು ತಾಕೀತು ಮಾಡಿ ಹೋದರು.

ಪಕ್ಕದಲ್ಲಿ ಬಾಳೆಹಣ್ಣು ಮಾರುತ್ತಿದ್ದ ತಮ್ಮ ಅಬ್ದುಲರಜಾಕ ಓಡಿ ಬಂದ. ದಾವಲಬಿ ಅವನಿಗಷ್ಟೇ ಕೇಳುವಂತೆ ಗುಂಡಕ್ಕ ಹೋದಳು ಎಂದಳು. ಅವನು ಅತ್ತಿತ್ತ ನೋಡಿದ. ಈ ಊರಿನಲ್ಲಿ ವಿಷಯ ಗೊತ್ತಿದ್ದ ಕೆಲವೇ ಜನರಲ್ಲಿ ಅವನೂ ಒಬ್ಬ.

"ಹೋಗಿ ಬಾ. ಆದ್ರ ಭಾಳ ಅಳಬ್ಯಾಡ ಅಕ್ಕಾ," ಎಂದ. "ಈಕಿ ಯಾಕ ಇಷ್ಟ ಅಳಾಕತ್ತಾಳ ಅಂತ ಮಂದಿ ಕೇಳತಾರ."

*

ದಾವಲಬಿಯ ಗಂಡ ತೀರಿಕೊಂಡು ಬಂಡಿ ಅವಳ ಪಾಲಿಗೆ ಬಂದದ್ದು ತೊಂಬತ್ತಾರರಲ್ಲಿ. ಬಂಡಿ ಬಂತು, ಗಂಡನ ಕೈಗುಣ ಬರಲಿಲ್ಲ. ಅವಳ ಭಜಿ ಎಣ್ಣೆ ಕುಡಿದು ಭಾರವಾಗುತ್ತಿತ್ತು. ಗಿರಮಿಟ್ಟಿನ ಚುರುಮುರಿಗೆ ಕಲಸುವ ಹುಳಿ ಒಂದು ದಿನ ಪಾನಕದಂತೆ ಸಿಹಿಯಾದರೆ ಮರುದಿನ ಹಲ್ಲು ಚಳಿಯುವಷ್ಟು ಹುಳಿ. ಒಮ್ಮೆ ತಿಂದವರು ಮತ್ತೆ ಬರಲಿಲ್ಲ. ಕೊನೆಗೆ ಬಂಡಿಯನ್ನು ಮನೆಯ ಗೋಡೆಗೆ ಆನಿಸಿಟ್ಟು, ಪಕ್ಕದ ಮಸೂತಿ ಊರಿನ ಹೊಲಗಳಿಗೆ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗತೊಡಗಿದಳು.

ಗುಂಡವ್ವ ಸಿಕ್ಕಿದ್ದು ಅಲ್ಲಿ. ಊಟದ ಹೊತ್ತಿಗೆ ಎಲ್ಲ ಹೆಂಗಸರೂ ಬೇವಿನ ಮರದ ನೆರಳಿಗೆ ಸೇರಿದರೆ ಅವಳೊಬ್ಬಳು ಬದುವಿನ ಮೇಲೆ ಜಾಲಿಯ ಅರೆನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದಳು. ಯಾಕೆಂದು ಯಾರೂ ಕೇಳುವ ಅಗತ್ಯವಿರಲಿಲ್ಲ. ಒಂದು ದಿನ ರೊಟ್ಟಿಗೆ ನಂಜಿಕೊಳ್ಳಲು ಏನೂ ಇಲ್ಲದ ದಾವಲಬಿ ಎದ್ದು ಆ ಬದುವಿಗೆ ಹೋದಳು. ಗುಂಡವ್ವ ಅವಳ ರೊಟ್ಟಿಯ ಮೇಲೆ ಬೆರಳಿನಷ್ಟು ರಂಜಕ ಹಾಕಿದಳು. ದಾವಲಬಿ ಒಂದು ತುತ್ತು ತಿಂದು, ಇನ್ನೊಂದು ತಿಂದು, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದಳು.

ಸಿಂದಗಿಯಲ್ಲಿ ಎಂದಳು ಗುಂಡವ್ವ. ಮದುವೆಗೆ ಮುಂಚೆ ಅಲ್ಲಿನ ಒಂದು ಖಾನಾವಳಿಯ ಹಿತ್ತಲಲ್ಲಿ ತಾಟು ತೊಳೆಯುತ್ತಿದ್ದಳಂತೆ. ಅಡಿಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಒಳಗಿನಿಂದ ಬರುವ ವಾಸನೆ ಹಿಡಿದು, ತಾಟಿನ ಅಂಚಿನಲ್ಲಿ ಉಳಿದದ್ದನ್ನು ನಾಲಿಗೆಗೆ ಹಚ್ಚಿಕೊಂಡು, ಮನೆಗೆ ಬಂದು ಮಾಡಿ ನೋಡುತ್ತಿದ್ದಳು. ಸಂತೆಯಲ್ಲಿ ಭಜಿ ಅಂಗಡಿಯವನು ಮೇಲಿನಿಂದ ಕೈಗೆ ಹಾಕಿದ ಮಿರ್ಚಿ, ಕಾಗದದಲ್ಲಿ ಕಟ್ಟಿ ಎಸೆದ ಗಿರಮಿಟ್ಟು, ಎಲ್ಲವನ್ನೂ ಮನೆಯ ಒಲೆಯ ಮುಂದೆ ಮತ್ತೆ ಹುಟ್ಟಿಸುವುದು ಅವಳಿಗೊಂದು ಹುಚ್ಚಾಗಿತ್ತು.

ಅವಳೂ ಒಮ್ಮೆ ಮಾರಲು ನೋಡಿದ್ದಳು. ಗಂಡ ಪರಮಾನಂದ ಸಾಲಿಯಲ್ಲಿ ಗಂಟೆ ಹೊಡೆಯುವ ಸಿಪಾಯಿ. ಅವನು ಇಂಗಳೇಶ್ವರ ರಸ್ತೆಯ ಪಕ್ಕದ ತಮ್ಮ ಮನೆಯ ಮುಂದೆ ಒಂದು ಚಪ್ಪರ ಹಾಕಿಕೊಟ್ಟ. ಎಣ್ಣೆಯ ವಾಸನೆಗೆ ಜೀಪೊಂದು ನಿಂತಿತು. ಇಳಿದವರು ಬಿಸಿ ಭಜಿ ಕೇಳಿದರು. ಅಷ್ಟರಲ್ಲಿ ಒಬ್ಬನ ಕಣ್ಣು ತೆರೆದ ಬಾಗಿಲಿನೊಳಗೆ ಹೋಯಿತು. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ. ಅವನು ಉಳಿದವರಿಗೆ ಏನೋ ಸನ್ನೆ ಮಾಡಿದ. ಹೊತ್ತಾಗಿದೆ, ಬರುವಾಗ ತಿನ್ನುತ್ತೇವೆ ಎಂದು ಜೀಪು ಹತ್ತಿದರು. ಆಮೇಲೆ ಯಾರೂ ನಿಲ್ಲಲಿಲ್ಲ. ಸಂಜೆ ಆ ಭಜಿಯನ್ನೆಲ್ಲ ಮಗಳು ಪ್ರಜ್ಞಾ ಕುಣಿಕುಣಿದು ತಿಂದಳು. ಮರುದಿನ ಪರಮಾನಂದ ಚಪ್ಪರ ಬಿಚ್ಚಿದ.

ಇದನ್ನೆಲ್ಲ ಗುಂಡವ್ವ ಯಾರದೋ ಕತೆ ಹೇಳುವಂತೆ ಹೇಳಿದಳು. ಹೇಳಿ ಮುಗಿಸಿ, ಬುತ್ತಿಯ ಬಟ್ಟೆ ಕಟ್ಟಿ, ದಾವಲಬಿಯ ಕಡೆ ತಿರುಗಿದಳು.

"ನಿನ್ನ ಬಂಡಿ ಹಂಗ ನಿಂತೈತಲ್ಲ. ಖಾರ, ಹುಳಿ ಎಲ್ಲಾ ನಾ ಮನ್ಯಾಗ ಮಾಡಿಕೊಡ್ತೇನಿ, ಹಿಟ್ಟು ಕಲಸೂದೂ ಕಲಿಸ್ತೇನಿ. ನೀ ಮಾರು. ಬಂದದ್ದು ಇಬ್ಬರಿಗೂ. ಆದ್ರ ನನ್ನ ಹೆಸರು ಎತ್ತಬ್ಯಾಡ. ಎತ್ತಿದಿ ಅಂದ್ರ ನಿಂದೂ ಹೋತು, ನಂದೂ ಹೋತು."

*

ದಾವಲಬಿ ಹೋದಾಗ ಅಂಗಳ ತುಂಬಿತ್ತು. ಗುಂಡವ್ವನನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿದ್ದರು. ತಲೆಯ ಬಳಿ ಮೇಣದ ಬತ್ತಿ ಉರಿಯುತ್ತಿತ್ತು. ಬಡಕಲಾಗಿ, ಕೆನ್ನೆಯ ಮೂಳೆ ಎದ್ದು, ಹುಡುಗಿಯಷ್ಟು ಸಣ್ಣಗೆ ಕಾಣುತ್ತಿದ್ದಳು. ಬೆರಳ ತುದಿಗಳು ಮಾತ್ರ ಸತ್ತ ಮೇಲೂ ಕೆಂಪಗಿದ್ದವು. ವರ್ಷಗಟ್ಟಲೆ ಅರೆದ ಮೆಣಸಿನಕಾಯಿಯ ಬಣ್ಣ ಎಷ್ಟು ತೊಳೆದರೂ ಹೋಗಿರಲಿಲ್ಲ.

ಆ ಬೆರಳು ನೋಡಿದ್ದೇ ದಾವಲಬಿಗೆ ತಮ್ಮ ಹೇಳಿದ್ದು ಮರೆತುಹೋಯಿತು. ಕಾಲ ಬಳಿ ಕುಸಿದು ಕೂತು ಅಳತೊಡಗಿದಳು. ಸುತ್ತಲಿನ ಹೆಂಗಸರು ಮುಖ ಮುಖ ನೋಡಿಕೊಂಡರು. ಇಂಡಿಯಿಂದ ಬಂದಿದ್ದ ಮುದುಕಿಯೊಬ್ಬಳು ಇವಳು ಯಾರು ಎಂದು ಕೇಳಿದಳು. ಸ್ಟ್ಯಾಂಡಿನ ಭಜಿ ಮಾಡಾಕಿ, ಇವರ ಎಮ್ಮಿ ಹಾಲಿಗೆ ಬರ್ತಿದ್ಲು ಎಂದಳು ಓಣಿಯವಳೊಬ್ಬಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ನಸುಕಿನಲ್ಲಿ ಹಾಲಿನ ಕ್ಯಾನು ಹಿಡಿದು ಬರುತ್ತಿದ್ದ ದಾವಲಬಿ ಅದರಲ್ಲಿ ಒಯ್ಯುತ್ತಿದ್ದದ್ದು ರಂಜಕವನ್ನು ಎಂದು ಓಣಿಗೂ ತಿಳಿದಿರಲಿಲ್ಲ. ಓಣಿಗೆ ತಿಳಿದರೆ ಊರಿಗೆ ತಿಳಿಯಲು ತಡವಾಗುವುದಿಲ್ಲವೆಂದು ಗುಂಡವ್ವ ಒಡಹುಟ್ಟಿದ ತಮ್ಮನಿಗೂ ಹೇಳಿರಲಿಲ್ಲ.

ಪರಮಾನಂದ ಬಂದು, ಒಳಗೆ ಹೋಗಿ ನೀರು ಕುಡಿಯಬೇಕೆಂದು ಮೆಲ್ಲಗೆ ಹೇಳಿದ. ಅವಳು ಎದ್ದು ಅಡಿಗೆಮನೆಗೆ ಹೋದಳು.

ಒಳಗೆ ಕತ್ತಲೆ. ಗೋಡೆ, ಜಂತಿ, ಹೆಂಚು ಎಲ್ಲ ಮಸಿ. ರಸ್ತೆಯ ಕಡೆಗಿದ್ದ ಒಂದೇ ಒಂದು ಕಿಟಕಿಗೆ ಗೋಣಿಚೀಲ ಗಿಡಿಯಲಾಗಿತ್ತು. ಮೆಣಸಿನಕಾಯಿ ಹುರಿದ ಘಾಟು ರಸ್ತೆಗೆ ಹೋದರೆ ಯಾರಾದರೂ ವಾಸನೆ ಹಿಡಿದು ಬಂದಾರೆಂದು ಗುಂಡವ್ವ ತಾನೇ ಗಿಡಿದದ್ದು. ಆ ಕಿಟಕಿಯ ಕೆಳಗೆ ಪ್ರಜ್ಞಾ ಒಬ್ಬಳೇ ಕೂತಿದ್ದಳು. ಶಿಕ್ಷಕಿಯಾಗಲು ಓದುತ್ತಿದ್ದ ಹುಡುಗಿ. ಕಣ್ಣು ಒಣಗಿದ್ದವು.

"ಬರ್ರಿ ಮೌಶಿ," ಎಂದಳು. ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ಅವ್ವ ರಾತ್ರಿಯೆಲ್ಲ ಉಸಿರಿಗೆ ಒದ್ದಾಡಿದಳಂತೆ. ನಡುವೆ ಒಮ್ಮೆ ಎಚ್ಚರಾಗಿ, ದಾವಲಬಿಯ ಡಬ್ಬಿಯಲ್ಲಿ ರಂಜಕ ಸಂತೆಯ ದಿನದವರೆಗೆ ಸಾಲುವುದಿಲ್ಲ, ಮೆಂತ್ಯ ಹುರಿದಿಡು ಎಂದಳಂತೆ. ಅದೇ ಕೊನೆಯ ಮಾತು. ಪ್ರಜ್ಞಾ ಹೇಳುತ್ತಾ ಒಲೆಯ ಕಡೆ ನೋಡಿದಳು. ಒಲೆಯ ಪಕ್ಕದಲ್ಲಿ, ಹಂಚಿನ ಮೇಲೆ, ಹುರಿದ ಮೆಂತ್ಯ ಹಾಗೇ ಇತ್ತು.

ದಾವಲಬಿ ಆ ಮೆಂತ್ಯವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಈ ಹೊಗೆಯ ಕೆಲಸ ಬಿಡು ಅಂತ ನಾನೂ ಎಷ್ಟೋ ಸಲ ಹೇಳಿದ್ದೆ ಎಂದಳು. ಹೌದು, ಎಲ್ಲರೂ ಹೇಳಿದ್ದೆವು, ಅವಳು ಬಿಡಲಿಲ್ಲ ಎಂದಳು ಪ್ರಜ್ಞಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ದಾವಲಬಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಿಮ್ಮ ಮ್ಯಾಲೆ ನಂದೇನೂ ಇಲ್ಲ ಮೌಶಿ," ಎಂದಳು ಹುಡುಗಿ. "ಆದ್ರ ಮುಂಜಾನಿಂದ ಒಂದ ವಿಚಾರ ಬರಾಕತ್ತೈತಿ. ಇಷ್ಟ ವರ್ಷ ಅಷ್ಟ ಮಂದಿ ಅವ್ವನ ಕೈದು ಉಂಡ್ರಲ್ಲ. ಚಪ್ಪರಿಸಿ ಉಂಡ್ರಲ್ಲ. ಅವರಾಗ ಒಬ್ಬರರೆ ಇವತ್ತ ಮಣ್ಣಿಗೆ ಬರಬೇಕಾಗಿತ್ತು."

*

ಬಂಡಿ ಒಂದು ಸುಗ್ಗಿಯೊಳಗೇ ಊರಿಗೆಲ್ಲ ಹೆಸರಾಗಿತ್ತು. ಬಸ್ಸಿನ ಡ್ರೈವರುಗಳು, ಅಡತಿಯವರು, ಕಚೇರಿಯ ಕಾರಕೂನರು, ದೇವರಿಗೆ ಬಂದ ಪರಸ್ಥಳದವರು, ಎಲ್ಲರೂ ದಾವಲಬಿಯ ಕೈ ಹೊಗಳುತ್ತಿದ್ದರು. ನಸುಕಿಗೆ ಕ್ಯಾನು ಒಯ್ಯಲು ಬಂದಾಗ ಗುಂಡವ್ವ ನಿನ್ನೆ ಏನೆಂದರು, ಯಾರು ಎಂದರು ಎಂದು ಒಂದೊಂದೂ ಕೇಳುವಳು. ದಾವಲಬಿ ಒಂದೊಂದೂ ಹೇಳುವಳು. ಹೇಳುವಾಗ ಅವಳಿಗೆ ಯಾರದೋ ಒಡವೆ ಹಾಕಿಕೊಂಡು ಮೆರೆದು ಬಂದ ಹಾಗಾಗುತ್ತಿತ್ತು.

ಒಂದು ದಿನ ಗುಂಡವ್ವ, ಅವರು ತಿನ್ನುವುದನ್ನು ಕಣ್ಣಾರೆ ನೋಡಬೇಕು ಎಂದಳು. ಸೆರಗು ಹಣೆಯವರೆಗೆ ಎಳೆದುಕೊಂಡು, ಮುದ್ದೇಬಿಹಾಳ ಬಸ್ಸಿಗೆ ಕಾಯುವವಳಂತೆ ಬಂಡಿಯ ಎದುರಿನ ಕಟ್ಟೆಯ ಮೇಲೆ ಬಂದು ಕೂತಳು. ಮುದ್ದೇಬಿಹಾಳದ ಬಸ್ಸುಗಳು ಬಂದವು, ಹೋದವು. ಅವಳು ಏಳಲಿಲ್ಲ. ಶ್ರೀಶೈಲಪ್ಪ ಕಾಗದದ ಮೂಲೆಗೆ ಅಂಟಿದ ರಂಜಕವನ್ನು ಬೆರಳಿನಿಂದ ಬಳಿದು ನೆಕ್ಕುವುದನ್ನು ನೋಡಿದಳು. ಹಲ್ಲಿಲ್ಲದ ಮುದುಕನೊಬ್ಬ ಗಿರಮಿಟ್ಟಿನ ಹುಳಿಯನ್ನೇ ಕೇಳಿ ಬೊಗಸೆಯಲ್ಲಿ ಕುಡಿಯುವುದನ್ನು ನೋಡಿದಳು. ಬಂಡಿಯ ಮುಂದೆ ನಿಂತು ತಾನೂ ಒಂದು ಪ್ಲೇಟು ತಿಂದಳು. ದಾವಲಬಿ ಎಲ್ಲರಿಗೆ ಕೊಟ್ಟ ಹಾಗೇ ಅವಳ ಕೈಗೆ ಪ್ಲೇಟು ಕೊಟ್ಟಳು.

ಮರುದಿನ ನಸುಕಿನಲ್ಲಿ ದಾವಲಬಿ ಹೇಗಿತ್ತು ಎಂದು ಕೇಳಿದಾಗ ಗುಂಡವ್ವ ಒಲೆ ಊದುತ್ತಾ, "ಹುಳಿಗೆ ಉಪ್ಪು ಒಂಚೂರು ಕಡಿಮಿ ಬಿದ್ದೈತಿ," ಎಂದಳು. ಆಮೇಲೆ ಊದುಗೊಳವಿ ಕೆಳಗಿಟ್ಟು ಬಹಳ ಹೊತ್ತು ಗೋಡೆಯ ಕಡೆ ಮುಖ ಮಾಡಿ ಕೂತಳು. ಬೆನ್ನು ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ದಾವಲಬಿಗೆ ತಿಳಿಯಲಿಲ್ಲ.

ಆ ವರ್ಷವೇ ಕೆಮ್ಮು ಹತ್ತಿತು. ಕೆಮ್ಮು ದಮ್ಮಾಯಿತು. ಬಿಜಾಪುರದ ಡಾಕ್ಟರು ಎದೆಯ ಫೋಟೋ ನೋಡಿ, ಹೊಗೆಯಿಂದ, ಘಾಟಿನಿಂದ ದೂರ ಇರಬೇಕು ಎಂದರು. ಪರಮಾನಂದ ಬೈದ, ಪ್ರಜ್ಞಾ ಅತ್ತಳು. ದಾವಲಬಿ ಒಂದು ವಾರ ಕ್ಯಾನು ತರಲೇ ಇಲ್ಲ. ತನಗೆ ಬಂದ ಹಾಗೆ ರಂಜಕ ಅರೆದು ಬಂಡಿಗಿಟ್ಟಳು. ಗಿರಾಕಿಗಳು ಮುಖ ಕಿವುಚಿದರು. ಆ ವಾರದ ಕೊನೆಗೆ ಗುಂಡವ್ವನೇ ಗೋಡೆ ಹಿಡಿದು ಹಿಡಿದು ಅವಳ ಮನೆಗೆ ಬಂದಳು. ಏದುಸಿರು ಬಿಡುತ್ತಾ ಹೊಸ್ತಿಲ ಮೇಲೆ ಕೂತಳು.

"ಅದೊಂದ ಐತಿ ನನಗ," ಎಂದಳು. "ಅದನ್ನೂ ಕಸಗೋಬ್ಯಾಡ ದಾವಲಾ."

ದಾವಲಬಿ ಕ್ಯಾನು ತೊಳೆದು ಅವಳ ಕೈಗೆ ಕೊಟ್ಟಳು. ಕೊಡದೆ ಏನು ಮಾಡಬಹುದಿತ್ತು ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಹೊಳೆಯಲಿಲ್ಲ. ಬಂಡಿ ನಿಂತಿದ್ದರೆ ಗುಂಡವ್ವ ಉಳಿಯುತ್ತಿದ್ದಳೋ, ಮೊದಲೇ ಹೋಗಿಬಿಡುತ್ತಿದ್ದಳೋ.

*

ಹಳ್ಳದ ದಂಡೆಯ ಮಣ್ಣು ಗಟ್ಟಿಯಾಗಿತ್ತು. ಹಿರಿಯರೊಬ್ಬರು ಬುದ್ಧನ ತ್ರಿಸರಣ ಹೇಳಿದರು, ಉಳಿದವರು ದನಿಗೂಡಿಸಿದರು. ಪರಮಾನಂದ ಮೊದಲ ಹಿಡಿ ಮಣ್ಣು ಹಾಕಿ ಹಿಂದೆ ಸರಿದ. ಬಂದವರು ಓಣಿಯವರು, ನೆಂಟರು, ಸಾಲಿಯ ಇಬ್ಬರು ಮಾಸ್ತರರು, ಅಷ್ಟೇ. ದಾವಲಬಿ ತನ್ನ ಹಿಡಿ ಮಣ್ಣು ಹಾಕುವಾಗ ಪ್ರಜ್ಞಾ ಅವಳ ಕಡೆ ನೋಡಲಿಲ್ಲ; ಊರಿನಿಂದ ಬರುವ ಖಾಲಿ ಹಾದಿಯನ್ನು ನೋಡುತ್ತಿದ್ದಳು.

ಸ್ಟ್ಯಾಂಡಿಗೆ ಮರಳಿದಾಗ ಹೊತ್ತು ಇಳಿದಿತ್ತು. ಅಬ್ದುಲರಜಾಕ ಬಂಡಿ ಒರೆಸಿ ಸಜ್ಜು ಮಾಡಿದ್ದ. ದಾವಲಬಿ ಯಾವುದನ್ನೂ ಯೋಚಿಸದೆ ಸ್ಟೋವು ಹಚ್ಚಿದಳು, ಹಿಟ್ಟು ಕಲಸಿದಳು. ಕೈಗಳು ತಮ್ಮ ಪಾಡಿಗೆ ಕೆಲಸ ಮಾಡಿದವು. ಡಬ್ಬಿಯಲ್ಲಿ ರಂಜಕ ಇನ್ನೂ ಕಾಲು ಭಾಗ ಇತ್ತು.

ಶ್ರೀಶೈಲಪ್ಪ ಬೀಗರನ್ನು ಕರೆದುಕೊಂಡು ಬಂದರು. ಜರಿ ರುಮಾಲಿನ ದೊಡ್ಡ ಮನುಷ್ಯ. ಜೊತೆಗೆ ಅಂಗಡಿಯ ನಾಲ್ಕೈದು ಜನ. ತತ್ತಿ ಗಿತ್ತಿ ಏನೂ ಮುಟ್ಟದ ಸ್ವಚ್ಛ ಬಂಡಿ ಇದು, ಇಂಥ ಕೈ ನಮ್ಮ ಜಿಲ್ಲೆಯಲ್ಲೇ ಇಲ್ಲ ಎಂದು ಶ್ರೀಶೈಲಪ್ಪ ಹೇಳುತ್ತಲೇ ಇದ್ದರು. ಬೀಗರು ಮೊದಲು ಅನುಮಾನದಿಂದ ತುದಿ ಕಚ್ಚಿದರು. ಆಮೇಲೆ ಭಜಿಯನ್ನು ರಂಜಕದಲ್ಲಿ ಅದ್ದಿ ಅದ್ದಿ ತಿಂದರು. ಮತ್ತೆ ಹಾಕಿಸಿಕೊಂಡರು. ಎಲ್ಲರೂ ಹಾಕಿಸಿಕೊಂಡರು.

"ಈ ಕೈಗೆ ಬಂಗಾರದ ಬಳಿ ತೊಡಸಬೇಕು ನೋಡ್ರಿ," ಎಂದರು ಬೀಗರು.

ದಾವಲಬಿ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಹಳ್ಳದ ಮಣ್ಣು ಇನ್ನೂ ಇತ್ತು.

"ಈ ರಂಜಕ ನಂದಲ್ರಿ ಸಾವಕಾರ್ರ," ಎಂದಳು.

ನಿನ್ನದಲ್ಲದಿದ್ದರೆ ಯಾರದು ಎಂದು ಶ್ರೀಶೈಲಪ್ಪ ನಗುತ್ತಲೇ ಕೇಳಿದರು.

"ಗುಂಡವ್ವಂದು. ಇಂಗಳೇಶ್ವರ ರೋಡಿನ್ಯಾಗ ಸಾಲಿ ಸಿಪಾಯಿ ಪರಮಾನಂದ ಅದಾನಲ್ರಿ, ಅವನ ಹೇಣ್ತಿ. ಮೊದಲಿಂದನೂ ಆಕಿನ ಮಾಡಿದ್ದು. ಖಾರನೂ ಆಕಿದ, ಹುಳಿನೂ ಆಕಿದ. ನೀವು ಇಷ್ಟ ದಿನ ಹೊಗಳಿದ್ದು ಆಕಿನ್ನ. ಇವತ್ತ ಆಕಿನ್ನ ಮಣ್ಣ ಮಾಡಿ ಬಂದೇನಿ."

ಅಬ್ದುಲರಜಾಕ ಬಾಳೆಹಣ್ಣಿನ ಗೊನೆ ಬಿಟ್ಟು ಎರಡು ಹೆಜ್ಜೆ ಬಂದು ನಿಂತ. ಪರಮಾನಂದ ಯಾರು, ಯಾವ ಓಣಿಯವನು ಎಂದು ಊರಿಗೆ ಗೊತ್ತಿತ್ತು. ಬೀಗರಿಗೆ ಗೊತ್ತಿರಲಿಲ್ಲ, ಅವರು ಶ್ರೀಶೈಲಪ್ಪನವರ ಮುಖ ನೋಡಿದರು, ನೋಡಿ ತಿಳಿದುಕೊಂಡರು. ಅಗಿಯುತ್ತಿದ್ದ ಅವರ ದವಡೆ ನಿಂತಿತು.

ಶ್ರೀಶೈಲಪ್ಪ ಬಂಡಿಗೆ ಒರಗಿ ದನಿ ತಗ್ಗಿಸಿದರು. "ಬೀಗರು ಬಂದಾರ, ದಾವಲಬಿ. ಚ್ಯಾಷ್ಟಿ ಮಾಡಿದ್ನಿ ಅಂದುಬಿಡು. ಅಲ್ಲಿಗೆ ಮುಗೀತು."

ಅವರು ಬೆದರಿಸುತ್ತಿರಲಿಲ್ಲ, ಬೇಡುತ್ತಿದ್ದರು. ಅದು ದಾವಲಬಿಗೂ ತಿಳಿಯಿತು. ಒಂದು ಮಾತು ಅಂದರೆ ನಾಳೆಯೂ ಬಂಡಿ ನಡೆಯುತ್ತದೆ, ಒಲೆ ಉರಿಯುತ್ತದೆ. ತಮ್ಮನ ಕಣ್ಣೂ ಅದನ್ನೇ ಹೇಳುತ್ತಿತ್ತು.

"ಮಣ್ಣಿನ ದಿನ ಯಾರರೆ ಚ್ಯಾಷ್ಟಿ ಮಾಡತಾರೇನ್ರಿ," ಎಂದಳು.

ಶ್ರೀಶೈಲಪ್ಪ ನೆಟ್ಟಗಾದರು. ಕೈಯಲ್ಲಿದ್ದ ಪ್ಲೇಟನ್ನು ಬಂಡಿಯ ಅಂಚಿನ ಮೇಲೆ ಸದ್ದಾಗದಂತೆ ಇಟ್ಟರು. ಬೀಗರು ಬಾಯಲ್ಲಿದ್ದುದನ್ನು ಅಂಗೈಗೆ ಉಗುಳಿ ಚರಂಡಿಗೆ ಒಗೆದರು. ಒಂದೊಂದಾಗಿ ಎಲ್ಲ ಪ್ಲೇಟುಗಳೂ ಬಂಡಿಗೆ ಬಂದವು. ಯಾರೂ ಬೈಯಲಿಲ್ಲ, ಕೂಗಲಿಲ್ಲ. ದುಡ್ಡನ್ನು ಅವಳ ಕೈಗೆ ಕೊಡದೆ ಹಲಗೆಯ ಮೇಲೆ ಬಿಟ್ಟು, ಸ್ಟ್ಯಾಂಡಿನ ಮೂಲೆಯಲ್ಲಿದ್ದ ನಳದ ಕಡೆ ನಡೆದರು. ಅಬ್ದುಲರಜಾಕ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ.

ದಾವಲಬಿ ಸ್ಟೋವು ಆರಿಸಿ ಅತ್ತ ನೋಡುತ್ತಾ ನಿಂತಳು. ಶ್ರೀಶೈಲಪ್ಪ ಮೊದಲು ಬಾಯಿ ಮುಕ್ಕಳಿಸಿದರು. ಗಂಟಲಿಗೆ ಬೆರಳು ಹಾಕಿ ಕ್ಯಾಕರಿಸಿದರು. ನೀರು ತಾಗಿದ್ದೇ ಖಾರ ಇನ್ನಷ್ಟು ಕೆರಳಿತು. ನಾಲಿಗೆ ಹೊರಚಾಚಿ, ಉಸಿರೆಳೆದು, ಮತ್ತೆ ಬೊಗಸೆ ಒಡ್ಡಿದರು. ಅವರ ಪಕ್ಕದಲ್ಲಿ ಬೀಗರು ಜರಿ ರುಮಾಲಿನ ತುದಿ ಎಳೆದು ಕಣ್ಣಿಗೆ ಒತ್ತಿಕೊಂಡಿದ್ದರು. ಹಿಂದೆ ಅಂಗಡಿಯ ಆ ನಾಲ್ಕೈದು ಜನ, ಒಬ್ಬರ ಬೆನ್ನಿಗೆ ಒಬ್ಬರು, ತಲೆ ತಗ್ಗಿಸಿ, ಮೂಗು ಸೀಟುತ್ತಾ, ಸುರಿಯುವ ಕಣ್ಣು ಒರೆಸಿಕೊಳ್ಳುತ್ತಾ ತಮ್ಮ ಪಾಳಿಗಾಗಿ ಕಾಯುತ್ತಿದ್ದರು.